ಸುರಂಗ: ನಮ್ಮ ಗುಡ್ಡದೊಳಗಿನ ವಿಜ್ಞಾನಪಾಠ

ವಿಜ್ಞಾನವೆಂದೊಡನೆ ನಮ್ಮ ಕಣ್ಣೆದುರು ಬರುವುದು ಗಾಜಿನ ನಳಿಕೆ, ಸೂಕ್ಷ್ಮದರ್ಶಕ, ಗಣಕಯಂತ್ರ, ಇತ್ತೀಚೆಗೆ ಮೊಬೈಲು. ಆದರೆ ಸ್ವಿಚ್ಚಿಲ್ಲದ, ವಿದ್ಯುತ್ತು ಬೇಡದ, ಹಗಲಿರುಳೂ ದುಡಿಯುವ ಸಾಧನವೊಂದು ಕಾರಡ್ಕದಂತಹ ಮುರಕಲ್ಲ ಗುಡ್ಡಗಳ ಸೀಮೆಯಲ್ಲಿ ತಲೆಮಾರುಗಳಿಂದ ಬಳಕೆಯಲ್ಲಿದೆ. ಅದೇ ಸುರಂಗ. ಗುಡ್ಡದ ಓರೆಯಲ್ಲಿ ಅಡ್ಡವಾಗಿ ಕೊರೆದ ಈ ಜಲಮಾರ್ಗವನ್ನು ಮಲಗಿಸಿದ ಬಾವಿ ಎನ್ನಬಹುದು. ಒಬ್ಬ ಆಳು ನಡೆದು ಹೋಗುವಷ್ಟು ಎತ್ತರ, ಎರಡು ಅಡಿಯ ಆಸುಪಾಸು ಅಗಲ; ಉದ್ದ ಮಾತ್ರ ಕೆಲವೇ ಮಾರುಗಳಿಂದ ನೂರಾರು ಅಡಿಗಳವರೆಗೆ.

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಸುರಿಯುತ್ತದೆ. ಆದರೂ ಬೇಸಗೆಯಲ್ಲಿ ಅಡಿಕೆ ತೋಟಕ್ಕೆ ನೀರಿನ ಚಿಂತೆ ತಪ್ಪದು. ಮಳೆಯ ನೀರು ಎಲ್ಲಿ ಹೋಯಿತು? ಉತ್ತರ ನಮ್ಮ ಕಾಲಡಿಯ ಮುರಕಲ್ಲಿನಲ್ಲಿದೆ. ಕತ್ತಿಯಿಂದ ಕೆತ್ತಬಹುದಾದ, ಗಾಳಿಗೊಡ್ಡಿದಾಗ ಗಟ್ಟಿಯಾಗುವ ಈ ಕಲ್ಲಿಗೆ 1807ರಲ್ಲಿ ಫ್ರಾನ್ಸಿಸ್ ಬುಕಾನನ್ 'ಲ್ಯಾಟರೈಟ್' ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ರಂಧ್ರಮಯವಾದ ಈ ಕಲ್ಲು ಮಳೆನೀರನ್ನು ಹೀರಿ ಕೆಳಗಿಳಿಸುತ್ತದೆ. ಅದರಡಿಯ ಜೇಡಿಯ ಪದರವು ನೀರನ್ನು ತಡೆದು ನಿಲ್ಲಿಸುತ್ತದೆ. ಸುರಂಗವು ಹೀಗೆ ನಿಂತ ನೀರಿಗೆ ಬಾಗಿಲು ತೆರೆಯುತ್ತದೆ. ನೆಲವನ್ನು ಹೊರಮುಖವಾಗಿ ತುಸು ಇಳಿಜಾರಾಗಿಸುವುದರಿಂದ ನೀರು ತಾನಾಗಿಯೇ ಹರಿದು ಬರುತ್ತದೆ. ಇಲ್ಲಿ ಪಂಪಿನ ಕೆಲಸವನ್ನು ಮಾಡುವುದು ಗುರುತ್ವಾಕರ್ಷಣೆ. ಮುಂದೆ ಅಡಿಕೆ ಮರದ ದಂಬೆಯೋ ಕೊಳವೆಯೋ ಅದನ್ನು ಕೆರೆಗೆ ಮುಟ್ಟಿಸುತ್ತದೆ.

ತೋಡುವವರ ಉಪಕರಣಗಳೂ ಗಮನಾರ್ಹ. ಪಿಕ್ಕಾಸು, ಬುಟ್ಟಿಗಳ ಜೊತೆಗೆ ಒಂದು ಮೇಣದಬತ್ತಿ. ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇಕಡಾ 21ರಷ್ಟಿದೆ. ಅದು ಶೇಕಡಾ 16ರ ಆಸುಪಾಸಿಗೆ ಇಳಿದಾಗ ಬತ್ತಿ ಆರುತ್ತದೆ. ಮನುಷ್ಯನಿಗೆ ಹೊರಗೆ ಬರಲು ಆಗಲೂ ಸಮಯವಿರುತ್ತದೆ. ಬೆಳಕಿಗಾಗಿ ಸುರಂಗದ ಬಾಯಲ್ಲಿ ಕನ್ನಡಿಯಿಟ್ಟು ಬಿಸಿಲನ್ನು ಒಳಗೆ ಹಾಯಿಸುವುದೂ ಉಂಟು. ಪಠ್ಯಪುಸ್ತಕದ ಪ್ರತಿಫಲನ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಇಂತಹ ಜಾಣ್ಮೆ ನಮ್ಮಲ್ಲಿ ಮಾತ್ರ ಹುಟ್ಟಿದುದಲ್ಲ. ಇರಾನಿನ 'ಕನಾತ್'ಗಳು 2016ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಬೀದರಿನಲ್ಲಿ ಬಹಮನಿಯರ ಕಾಲದ 'ಕರೇಜ್' ಇದೆ. ನಮ್ಮ ನೆರೆಯ ಬಂಟ್ವಾಳ ತಾಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಹಲವು ಸುರಂಗಗಳಲ್ಲಿ ನೀರು ಕಾಣದಿದ್ದರೂ ಎದೆಗುಂದದೆ, ಒಂಟಿಯಾಗಿ ತೋಡಿ, ಬೋಳುಗುಡ್ಡದಲ್ಲಿ ತೋಟವೆಬ್ಬಿಸಿದರು. ಅವರಿಗೆ 2022ರಲ್ಲಿ ಪದ್ಮಶ್ರೀ ಗೌರವ ಸಂದಿತು.

ಸುರಂಗದ ಧಾರೆ ಸಣ್ಣದೆಂದು ಹಗುರವಾಗಿ ಕಾಣುವವರು ಒಂದು ಲೆಕ್ಕ ಮಾಡಿ ನೋಡಬೇಕು. ಹತ್ತು ಲೀಟರಿನ ಕೊಡಪಾನ ಎರಡು ನಿಮಿಷಗಳಲ್ಲಿ ತುಂಬಿದರೆ ಗಂಟೆಗೆ 300 ಲೀಟರು, ದಿನಕ್ಕೆ 7,200 ಲೀಟರು! ವಿದ್ಯಾರ್ಥಿಗಳು ತಮ್ಮ ಮನೆಯ ಹತ್ತಿರದ ಸುರಂಗದ ನೀರನ್ನು ತಿಂಗಳಿಗೊಮ್ಮೆ ಹೀಗೆ ಅಳೆದು ಬರೆದಿಡಲಿ. ಅಳತೆಯನ್ನು ಹೊರಗೆ ನಿಂತೇ ಮಾಡಬೇಕು. ಹಳೆಯ ಸುರಂಗ ಕುಸಿಯುವ ಮುನ್ಸೂಚನೆಯನ್ನು ಯಾವ ಮೇಣದಬತ್ತಿಯೂ ಕೊಡಲಾರದು.

ಸುರಂಗವು ಗುಡ್ಡ ಕೊಟ್ಟಷ್ಟನ್ನು ಮಾತ್ರ ಪಡೆಯುತ್ತದೆ. ಕೊಳವೆಬಾವಿ ಕೊಡದಿದ್ದುದನ್ನೂ ಎಳೆದುಕೊಳ್ಳಬಲ್ಲುದು. ಗುಡ್ಡದ ನೆತ್ತಿಯ ಕಾಡು ಬೋಳಾದರೆ, ಮುರಕಲ್ಲೇ ಲಾರಿಯೇರಿ ಹೋದರೆ, ನೀರು ಇಂಗುವ ಜಾಗವೇ ಉಳಿಯದು. ತೋಡಲು ಬಲ್ಲ ಕೈಗಳಿಗೂ ವಯಸ್ಸಾಗುತ್ತಿದೆ. ಅವರಲ್ಲಿರುವ ವಿದ್ಯೆ ಯಾವ ಗ್ರಂಥಾಲಯದಲ್ಲೂ ಪೂರ್ಣವಾಗಿ ಸಿಗದು. ಐವತ್ತು ವರ್ಷ ಅಕ್ಷರವನ್ನು ಕಲಿಸಿದ ಶಾಲೆಯ ಮಕ್ಕಳು ಆ ಹಿರಿಯರ ಬಳಿ ಕುಳಿತು, ಕೇಳಿ, ಬರೆದುಕೊಳ್ಳಲಿ. ಅಕ್ಷರದ ಋಣವನ್ನು ತೀರಿಸುವ ದಾರಿಗಳಲ್ಲಿ ಅದೂ ಒಂದು.