ಭಾರಿ ನಕ್ಷತ್ರಗಳು

ಬೆಂಗಳೂರಿನ ಉತ್ತರಕ್ಕಿರುವ ರಾಜಾನುಕುಂಟೆಯಲ್ಲಿ ಜನವರಿ ತಿಂಗಳ ನಿರ್ಮಲವಾದ ರಾತ್ರಿ ಆಗಸದತ್ತ ದೃಷ್ಟಿ ಹಾಯಿಸಿದರೆ, ಒಂದೇ ಸಾಲಿನಲ್ಲಿ ಹೊಳೆಯುವ ಮೂರು ನಕ್ಷತ್ರಗಳು ಎದ್ದು ಕಾಣುತ್ತವೆ. ಅವು ಮಹಾವ್ಯಾಧನ ನಡುಪಟ್ಟಿ. ಅವುಗಳ ದಕ್ಷಿಣಕ್ಕೆ, ಸುಮಾರು 1,300 ಜ್ಯೋತಿರ್ವರ್ಷಗಳ ದೂರದಲ್ಲಿ, ಮಸುಕಾದ ನೀಹಾರಿಕೆಯೊಂದಿದೆ. ಅಲ್ಲಿ ಇಂದಿಗೂ ನಕ್ಷತ್ರಗಳು ಜನಿಸುತ್ತಿವೆ. ಅದನ್ನು ಬೆಳಗುತ್ತಿರುವುವು ಬೆರಳೆಣಿಕೆಯಷ್ಟು ಭಾರಿ ನಕ್ಷತ್ರಗಳು.

ಸೂರ್ಯನಿಗಿಂತ ಎಂಟು ಪಟ್ಟಿಗೂ ಹೆಚ್ಚು ದ್ರವ್ಯರಾಶಿಯುಳ್ಳವನ್ನು ಭಾರಿ ನಕ್ಷತ್ರಗಳೆನ್ನುವರು. ಸೂರ್ಯನ ಆಯುಷ್ಯ ಸುಮಾರು ಸಾವಿರ ಕೋಟಿ ವರ್ಷ. ಇಪ್ಪತ್ತು ಸೂರ್ಯರಷ್ಟು ದ್ರವ್ಯರಾಶಿಯ ನಕ್ಷತ್ರವಾದರೋ ಸುಮಾರು ಒಂದು ಕೋಟಿ ವರ್ಷಗಳಲ್ಲಿಯೇ ತನ್ನ ಇಂಧನವನ್ನು ಮುಗಿಸಿಬಿಡುತ್ತದೆ. ಇಂತಹವು ಸಂಖ್ಯೆಯಲ್ಲಿ ವಿರಳ, ಆಯುಷ್ಯದಲ್ಲಿ ಅಲ್ಪ. ಪ್ರಭಾವದಲ್ಲಿ ಮಾತ್ರ ಅಸಾಧಾರಣ.

ಸೂರ್ಯನನ್ನೊಳಗೊಂಡ ಆಕಾಶಗಂಗೆ ಒಂದು ಸುರುಳಿ ಗೆಲಾಕ್ಸಿ. ಅದರ ಬಾಹುಗಳಲ್ಲಿ ಅನಿಲವೂ ಧೂಳೂ ಒತ್ತಾಗಿ ನೆರೆದು, ಸ್ವಂತ ಗುರುತ್ವದಿಂದ ಕುಸಿದು ನಕ್ಷತ್ರಗಳಾಗುತ್ತವೆ. ಭಾರಿ ನಕ್ಷತ್ರಗಳು ಹುಟ್ಟಿದೆಡೆಯಿಂದ ಬಹುದೂರ ಸರಿಯುವ ಮುನ್ನವೇ ಅಳಿಯುತ್ತವೆ. ಆದುದರಿಂದಲೇ ಸುರುಳಿಯ ಬಾಹುಗಳು ನೀಲಿಯಾಗಿ ಬೆಳಗುತ್ತವೆ.

ಈ ನಕ್ಷತ್ರಗಳು ಸೂಸುವ ನೇರಳಾತೀತ ಕಿರಣಗಳು ಸುತ್ತಲಿನ ಹೈಡ್ರೋಜನ್ ಅನಿಲವನ್ನು ಸುಮಾರು 10,000 ಡಿಗ್ರಿಗಳವರೆಗೆ ಕಾಯಿಸುತ್ತವೆ. ಕಾದ ಅನಿಲ ಹಿಗ್ಗಿ ಮೋಡವನ್ನು ಚದುರಿಸುತ್ತದೆ. ಹತ್ತಿರದಲ್ಲಿ ನಕ್ಷತ್ರಜನನ ನಿಲ್ಲುತ್ತದೆ. ಆದರೆ ಆ ಒತ್ತಡವೇ ಅಂಚಿನ ಅನಿಲವನ್ನು ಅಮುಕಿ, ಕೆಲವೆಡೆ ಹೊಸ ನಕ್ಷತ್ರಗಳ ಹುಟ್ಟಿಗೆ ಕಾರಣವಾಗುತ್ತದೆ. ಹೊಳೆಯ ಪ್ರವಾಹ ಒಂದು ದಡವನ್ನು ಕೊರೆದು ಇನ್ನೊಂದೆಡೆ ಮೆಕ್ಕಲು ಒಟ್ಟುವಂತೆಯೇ ಇದು. ಕೊನೆಯಲ್ಲಿ ಇಂತಹ ಹಲವು ನಕ್ಷತ್ರಗಳು ಸೂಪರ್‌ನೋವಾ ಆಗಿ ಸಿಡಿದು ಇದೇ ಕಾರ್ಯವನ್ನು ಇನ್ನೂ ರಭಸದಿಂದ ಮಾಡುತ್ತವೆ. ಈ ಕಡಿವಾಣವಿಲ್ಲದಿದ್ದರೆ ಗೆಲಾಕ್ಸಿಗಳ ಅನಿಲಭಂಡಾರ ಬಹು ಬೇಗ ಬರಿದಾಗುತ್ತಿತ್ತು. ಇಂದು ಆಕಾಶಗಂಗೆಯಲ್ಲಿ ವರ್ಷಕ್ಕೆ ಸರಾಸರಿ ಒಂದೆರಡು ಸೂರ್ಯರಷ್ಟು ದ್ರವ್ಯ ಮಾತ್ರ ನಕ್ಷತ್ರಗಳಾಗುತ್ತಿದೆ.

ನೇರಳಾತೀತ ಕಿರಣಗಳನ್ನು ಭೂಮಿಯ ವಾಯುಮಂಡಲ ಬಹುಮಟ್ಟಿಗೆ ತಡೆಯುತ್ತದೆ. ಆದುದರಿಂದ ಈ ನಕ್ಷತ್ರಗಳನ್ನು ಚೆನ್ನಾಗಿ ಅರಿಯಲು ದೂರದರ್ಶಕ ಅಂತರಿಕ್ಷಕ್ಕೇರಬೇಕು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನೇತೃತ್ವದಲ್ಲಿ, ಅದರ ಹೊಸಕೋಟೆಯ ಆವರಣದಲ್ಲಿ, ಅಂತಹ ಉಪಕರಣವೊಂದು ಸಿದ್ಧವಾಯಿತು. ಅದರಲ್ಲಿ ಸುಮಾರು 38 ಸೆಂಟಿಮೀಟರ್ ವ್ಯಾಸದ ಎರಡು ದೂರದರ್ಶಕಗಳಿವೆ. 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಉಪಗ್ರಹದೊಡನೆ ಅದು ಕಕ್ಷೆಗೇರಿತು. ಸುಮಾರು 25 ಲಕ್ಷ ಜ್ಯೋತಿರ್ವರ್ಷಗಳಾಚೆಯ ಆಂಡ್ರೊಮೆಡಾ ಸೇರಿದಂತೆ ಹಲವು ಸುರುಳಿ ಗೆಲಾಕ್ಸಿಗಳಲ್ಲಿ ಎಳೆಯ ನಕ್ಷತ್ರಗಳ ನೆಲೆಗಳನ್ನು ಅದು ಗುರುತಿಸಿಕೊಟ್ಟಿದೆ.

ಮನುಷ್ಯನು ಉಸಿರಾಡುವ ಆಮ್ಲಜನಕದ ಬಹುಭಾಗ ಭಾರಿ ನಕ್ಷತ್ರಗಳ ಒಡಲಲ್ಲಿಯೇ ತಯಾರಾದುದು. ಅವು ಅಳಿಯುವಾಗ ಚೆಲ್ಲಿದ ದ್ರವ್ಯದಿಂದ ಮುಂದಿನ ತಲೆಮಾರಿನ ನಕ್ಷತ್ರಗಳೂ ಗ್ರಹಗಳೂ ರೂಪುಗೊಂಡವು. ಭೂಮಿಯೂ ಅವುಗಳಲ್ಲೊಂದು.