ಮೊದಲು ಶನಿವಾರ ರಾತ್ರಿಯ ಮಾತು

ಪಾಯಿಂಟ್ ಕುಕ್‌ನ ಸೋದರಿಗೆ,

ಯುಗಾದಿಗೆ ನೂರು ಜನಕ್ಕೆ ಬಿಸಿಬೇಳೆಬಾತ್ ಮಾಡಿ ಬಡಿಸಿದವರು ನೀವು; ಕೈರುಚಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ನೀವು ಸೇರಬೇಕೆಂದಿರುವ ಹೋಟೆಲ್ ಅಡುಗೆಮನೆಯಲ್ಲಿ ಅದೇ ರುಚಿ ಶನಿವಾರ ರಾತ್ರಿ 8 ಗಂಟೆಗೆ, ಆರ್ಡರ್ ಮೇಲೆ ಆರ್ಡರ್ ಬೀಳುವಾಗಲೂ ತಟ್ಟೆಗೆ ಬರಬೇಕು. ದೀಪಾವಳಿ, ಮಕ್ಕಳ ರಜೆ ಎಲ್ಲವೂ ಕೆಲಸದ ದಿನಗಳೇ. ಮನೆಯವರೊಂದಿಗೆ ಈ ಮಾತು ಮೊದಲು ಆಗಲಿ.

ಈ ಕೆಲಸ ಕಲಿಯಲು ಮೆಲ್ಬರ್ನ್‌ನ ಲಾ ಟ್ರೋಬ್ ಸ್ಟ್ರೀಟ್‌ನಲ್ಲಿ ವಿಲಿಯಂ ಆಂಗ್ಲಿಸ್ ಸಂಸ್ಥೆಯಿದೆ. ನಿಮಗೆ ಹತ್ತಿರದ ವಿಲಿಯಮ್ಸ್ ಲ್ಯಾಂಡಿಂಗ್‌ನಲ್ಲಿ ರೈಲು ಹತ್ತಿದರಾಯಿತು. ಕೇಳಬೇಕಾದ್ದು ‘ಸರ್ಟಿಫಿಕೇಟ್ 3 ಇನ್ ಕಮರ್ಷಿಯಲ್ ಕುಕರಿ’. ನೀವು ಸಸ್ಯಾಹಾರಿ ಎಂದು ಬರೆದಿದ್ದೀರಿ. ಮುಚ್ಚುಮರೆ ಬೇಡ: ಈ ಕೋರ್ಸಿನಲ್ಲಿ ಕೋಳಿ, ಮಾಂಸ, ಮೀನಿನ ಅಡುಗೆ ಕಡ್ಡಾಯ ಪಾಠ. ಇಡೀ ಕೋಳಿಯನ್ನು ತುಂಡು ಮಾಡಲು ಕೈ ಹಿಂಜರಿಯುವುದಾದರೆ ಶುಲ್ಕ ಕಟ್ಟುವ ಮೊದಲೇ ಅಲ್ಲಿನವರೊಂದಿಗೆ ಮಾತಾಡಿ.

ಹೋಟೆಲಿನಲ್ಲಿ ಅಪ್ರೆಂಟಿಸ್ ಆಗಿ ಸೇರಿದರೆ ಕಲಿಯುತ್ತಲೇ ಸಂಬಳ ಬರುತ್ತದೆ, ಕಡಿಮೆಯೇ ಆದರೂ. ‘ಒಂದು ವಾರ ಪುಕ್ಕಟೆ ಮಾಡಿ, ಆಮೇಲೆ ನೋಡೋಣ’ ಎನ್ನುವ ಮಾಲೀಕರು ನಮ್ಮೂರಿನವರೇ ಆದರೂ ಒಪ್ಪಬೇಡಿ. ಕೆಲಸ ಬರುತ್ತದೆಂದು ತೋರಿಸಲು ಹೆಚ್ಚೆಂದರೆ ಒಂದು ಪಾಳಿ ಸಾಕು. ಅದಕ್ಕಿಂತ ಹೆಚ್ಚು ದುಡಿದರೆ ಕೂಲಿ ಕೊಡಲೇಬೇಕು.

ಈಗಲೇ ಒಂದು ಥರ್ಮಾಮೀಟರ್ ಕೊಳ್ಳಿ. ಸಾಂಬಾರು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಒಟ್ಟು 4 ಗಂಟೆ ದಾಟಿತೋ, ಚೆಲ್ಲಬೇಕು. ಮತ್ತೊಮ್ಮೆ ಕುದಿಸಿದರೆ ಸರಿಹೋಯಿತು ಎಂಬ ನಮ್ಮ ಅಜ್ಜಿಯರ ನ್ಯಾಯ ಹೋಟೆಲ್ ಅಡುಗೆಮನೆಯಲ್ಲಿ ನಡೆಯದು.

ಹೋಟೆಲ್ ಬೇಡ ಎನಿಸಿದರೆ, ಮನೆಯಿಂದಲೇ ಡಬ್ಬಿ ಊಟ ಮಾರುವುದಕ್ಕೂ ನಿಮ್ಮ ವಿಂಡಮ್ ಕೌನ್ಸಿಲ್‌ನಲ್ಲಿ ನೋಂದಣಿ ಬೇಕು. ವಾಟ್ಸಾಪ್ ಗುಂಪಿನಲ್ಲಿ ಆರ್ಡರ್ ಹಿಡಿಯುವುದು ಅದಾದ ಮೇಲೆ.