ಕುಂದುಳ್ಳ ಮನೆಯಲ್ಲಿ ದೇವರ ಭರವಸೆ

ದೇವರ ಮೇಲೆ ಭಾರ ಹಾಕಿದ ಮನೆಯಲ್ಲಿ ಜಗಳವೇ ಇರಬಾರದೆಂಬ ನಿರೀಕ್ಷೆ ಭಕ್ತರಲ್ಲಿ ಬೇರೂರಿರುವುದುಂಟು. ಆದರೆ ಬೈಬಲಿನ ಮೊದಲ ಗ್ರಂಥವಾದ, ಇಸ್ರಾಯೇಲರ ಮೂಲಪುರುಷರ ಕಥೆ ಹೇಳುವ ಆದಿಕಾಂಡವು ಇದಕ್ಕೆ ಇಂಬು ಕೊಡುವುದಿಲ್ಲ. ಅಲ್ಲಿ ಯಾಕೋಬನು 12 ಗಂಡುಮಕ್ಕಳಲ್ಲಿ ಯೋಸೇಫನೊಬ್ಬನಿಗೇ ವಿಶೇಷವಾದ ನಿಲುವಂಗಿ ಮಾಡಿಸಿಕೊಟ್ಟು ಹೊಟ್ಟೆಕಿಚ್ಚಿಗೆ ದಾರಿ ಮಾಡುತ್ತಾನೆ. ಅಣ್ಣಂದಿರು ತಮ್ಮನನ್ನು 20 ಬೆಳ್ಳಿ ನಾಣ್ಯಗಳಿಗೆ ಮಾರಿ, ಆ ಅಂಗಿಯನ್ನು ಹೋತದ ರಕ್ತದಲ್ಲಿ ಅದ್ದಿ ತಂದೆಗೆ ತೋರಿಸುತ್ತಾರೆ. ಮುಂದೆ ಬರಗಾಲದಲ್ಲಿ ಧಾನ್ಯ ಕೊಳ್ಳಲು ಬಂದ ಅವರನ್ನು, ಅಷ್ಟರಲ್ಲಿ ಐಗುಪ್ತದ ಅಧಿಕಾರಿಯಾಗಿದ್ದ ಯೋಸೇಫನು ಕೂಡಲೇ ಅಪ್ಪಿಕೊಳ್ಳದೆ ಪರೀಕ್ಷಿಸುತ್ತಾನೆ. ಕ್ಷಮಿಸಿ, ತಂದೆಯನ್ನು ಕರೆತರಲು ಊರಿಗೆ ಕಳಿಸುವಾಗಲೂ ದಾರಿಯಲ್ಲಿ ಕಚ್ಚಾಡಬೇಡಿರೆಂದು ಎಚ್ಚರಿಸುತ್ತಾನೆ. ಐಗುಪ್ತದಲ್ಲಿ 17 ವರ್ಷ ಬಾಳಿದ ತಂದೆ ತೀರಿಕೊಂಡಾಗಲೂ ಅಣ್ಣಂದಿರಿಗೆ ಯೋಸೇಫನ ಸೇಡಿನ ಭಯ ಹೋಗಿರುವುದಿಲ್ಲ. ಈ ಕಥೆಯಲ್ಲಿ ಕಾಣುವ ದೈವಸಂಕಲ್ಪ, ಅಂದರೆ ಮನುಷ್ಯರ ಕೇಡಿನ ನಡುವೆಯೂ ದೇವರು ತನ್ನ ಒಳಿತಿನ ಉದ್ದೇಶವನ್ನು ನಡೆಸಿಕೊಂಡು ಹೋಗುವನೆಂಬ ನಂಬಿಕೆ, ಆ ಕೇಡನ್ನು ಕೇಡಲ್ಲವೆನ್ನುವುದಿಲ್ಲ. ಸೇಡಿನ ಹೊಣೆಯನ್ನಷ್ಟೇ ಮನುಷ್ಯನ ಕೈಯಿಂದ ತೆಗೆಯುತ್ತದೆ. ಆದ್ದರಿಂದ ಮನೆಮಂದಿಯಿಂದ ನೊಂದವರು ಎಲ್ಲವೂ ಸರಿಹೋಗಲಿ ಎಂದು ಭರವಸೆಯನ್ನು ಮುಂದೂಡದೆ, ಅನ್ಯಾಯವನ್ನು ಅನ್ಯಾಯವೆಂದೇ ಹೇಳಿ, ಸೇಡನ್ನು ದೇವರಿಗೆ ಬಿಟ್ಟು, ಅಂದಂದಿನ ಕರ್ತವ್ಯವನ್ನು ಕೈಬಿಡದಿರುವುದು ಲೇಸು.